ಅಡ್ವಾನ್ಸ್ ಯಾರ ಕೈಯಲ್ಲಿರಬೇಕು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಟು-ಲೆಟ್ ಬೋರ್ಡಿನ ನಂಬರಿಗೆ ಫೋನ್ ಮಾಡಿ ಮೊದಲು ಕೇಳುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ನೀರು ಹೇಗೆ, ಪಾರ್ಕಿಂಗ್ ಇದೆಯಾ, ನಾನ್‌ವೆಜ್ ಮಾಡಬಹುದಾ ಎಂಬುದೆಲ್ಲ ಆಮೇಲೆ. ನಾವು ಕೊಡುವ ಅಡ್ವಾನ್ಸ್ ಮನೆ ಬಿಡುವವರೆಗೆ ಎಲ್ಲಿರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮನೆ ಖಾಲಿ ಮಾಡುವಾಗ ಆಗುವ ಜಗಳಗಳಲ್ಲಿ ಹೆಚ್ಚಿನವು ಆ ಕೇಳದೇ ಬಿಟ್ಟ ಪ್ರಶ್ನೆಯಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊತ್ತ ಸಣ್ಣದಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ಬೆಂಗಳೂರಿನ ಹಳೆಯ ರೂಢಿ. ಈಗ ಅನೇಕ ಕಡೆ ಅದು ಐದಾರು ತಿಂಗಳಿಗೆ ಇಳಿದಿದೆ, ಆದರೆ ಹತ್ತು ತಿಂಗಳು ಕೇಳುವವರು ಇನ್ನೂ ಇದ್ದಾರೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ ಎರಡೂವರೆ ಲಕ್ಷ. ವರ್ಷಕ್ಕೆ ಶೇ 6ರ ಬಡ್ಡಿ ಎಂದುಕೊಂಡರೂ ಅದು 15,000 ರೂಪಾಯಿ ದುಡಿಯುವ ಹಣ. ಬಾಡಿಗೆದಾರನಿಗೆ ಆ ಬಡ್ಡಿ ಸಿಗುವುದಿಲ್ಲ, ಅದನ್ನು ಅವನು ಕೇಳುವುದೂ ಇಲ್ಲ. ಕೊಟ್ಟ ಅಸಲು ಸರಿಯಾದ ಸಮಯಕ್ಕೆ ವಾಪಸ್ ಬಂದರೆ ಸಾಕು ಎನ್ನುತ್ತಾನೆ.

ಬರುವುದಿಲ್ಲ. ಎರಡು ತಿಂಗಳ ನೋಟಿಸ್ ಕೊಟ್ಟು, ಕೊನೆಯ ಬಾಡಿಗೆ ಕಟ್ಟಿ, ಮನೆ ಗುಡಿಸಿ ಒರೆಸಿ ಕೀ ಕೊಡಲು ಹೋದಾಗ ಬರುವ ಮಾತು ಎಲ್ಲರಿಗೂ ಗೊತ್ತು. “ಹೊಸಬರು ಬರ್ಲಿ, ಅವರ ಅಡ್ವಾನ್ಸ್ ಬಂದ ತಕ್ಷಣ ನಿಮ್ಮದು ಕೊಟ್ಬಿಡ್ತೀನಿ.” ಹೇಳುವವರು ಮೋಸಗಾರರೇ ಆಗಿರಬೇಕಿಲ್ಲ. ನಿಮ್ಮ ಅಡ್ವಾನ್ಸ್ ಬಂದ ವಾರವೇ ಅದರಲ್ಲಿ ದೊಡ್ಡ ಪಾಲು ನಿಮಗಿಂತ ಮುಂಚೆ ಇದ್ದವರಿಗೆ ಹೋಗಿರುತ್ತದೆ. ಉಳಿದದ್ದು ಮೇಲಿನ ಮಹಡಿ ಕಟ್ಟಿಸಲು ತಂದ ಸಾಲಕ್ಕೋ, ಮಗನ ಕಾಲೇಜು ಫೀಸಿಗೋ, ಮನೆಯವರ ಆಪರೇಷನ್ನಿಗೋ ಖರ್ಚಾಗಿರುತ್ತದೆ. ಹೀಗಾಗಿ ಒಬ್ಬರ ಹಣ ಹಿಂದಿರುಗಬೇಕಾದರೆ ಇನ್ನೊಬ್ಬರ ಹಣ ಬರಲೇಬೇಕು. ಮಧ್ಯೆ ಮನೆ ಎರಡು ತಿಂಗಳು ಖಾಲಿ ಬಿದ್ದರೆ ಸರಪಳಿ ತುಂಡಾಗುತ್ತದೆ, ಆ ಪೆಟ್ಟು ಬೀಳುವುದು ಮನೆ ಬಿಟ್ಟು ಹೋದವರ ಮೇಲೆ.

ಮನೆ ಬದಲಿಸುವವರಿಗೆ ಅಡ್ವಾನ್ಸ್ ಎರಡು ಕಡೆ ಬೇಕಾಗುತ್ತದೆ ಎಂಬುದನ್ನು ಬಾಡಿಗೆ ಮನೆಯಲ್ಲಿ ಇರದವರು ಯೋಚಿಸಿರುವುದಿಲ್ಲ. ಹಳೆ ಮನೆಯ ಹಣ ಕೈಗೆ ಬರುವ ಮೊದಲೇ ಹೊಸ ಮನೆಗೆ ಟೋಕನ್, ಅಗ್ರಿಮೆಂಟಿನ ದಿನ ಪೂರ್ತಿ ಅಡ್ವಾನ್ಸ್, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವವರಿಗೆ ಬೇರೆ. ಸಂಬಳದಲ್ಲೇ ನಡೆಯುವ ಮನೆಗಳಲ್ಲಿ ಆ ಹೊತ್ತಿಗೆ ಚಿನ್ನ ಅಡ ಇಡುತ್ತಾರೆ. ಹಳೆ ಓನರ್ ಮೂರು ತಿಂಗಳು ತಡ ಮಾಡಿದರೆ ಆ ಮೂರು ತಿಂಗಳ ಗೋಲ್ಡ್ ಲೋನ್ ಬಡ್ಡಿಯನ್ನು ಕಟ್ಟುವುದು ಬಾಡಿಗೆದಾರನ ಹೆಂಡತಿಯ ಬಳೆ. ಈ ನಷ್ಟ ಯಾವ ಅಗ್ರಿಮೆಂಟಿನಲ್ಲೂ ಬರೆದಿರುವುದಿಲ್ಲ.

ನನ್ನ ಸೋದರತ್ತೆಯ ಮಗಳು ಆರೇಳು ವರ್ಷ ಇದ್ದ ಮನೆಯನ್ನು ಬಿಡುವ ದಿನ ನಾನೂ ಅಲ್ಲಿದ್ದೆ. ಓನರ್ ಹೆಂಗಸು ಒಳ್ಳೆಯವರು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದವರು, ಮಕ್ಕಳನ್ನು ಎತ್ತಿ ಆಡಿಸಿದವರು. ಅವತ್ತು ಕೈಯಲ್ಲೊಂದು ಪುಟ್ಟ ನೋಟ್‌ಬುಕ್ ಹಿಡಿದು ಬಂದರು. ಹಾಲ್‌ನಲ್ಲಿ ಮೊಳೆ ಹೊಡೆದ ತೂತುಗಳನ್ನು ಎಣಿಸಿದರು. ಅಡುಗೆಮನೆಯಲ್ಲಿ ಒಲೆಯ ಹಿಂದಿನ ಟೈಲ್ಸ್ ಮೇಲೆ ಬೆರಳಾಡಿಸಿ ಜಿಡ್ಡು ನೋಡಿದರು. ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನೂ ಬರೆದುಕೊಂಡರು. ಬಾಗಿಲ ಹಿಂದೆ ಮಗುವಿನ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿದ್ದವು. ಅದರ ಮುಂದೆ ಒಂದು ಕ್ಷಣ ನಿಂತು, ಅದನ್ನು ಬರೆಯದೆ ಮುಂದೆ ಹೋದರು. ಕೊನೆಗೆ ಲೆಕ್ಕ ಹೇಳಿದರು: ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಕ್ಲೀನಿಂಗಿಗೆ ಇಷ್ಟು, ಪ್ಲಂಬರ್‌ಗೆ ಇಷ್ಟು. “ಆಂಟಿ, ಬಣ್ಣ ನಾವು ಬಂದಾಗಲೇ ಹಳೇದಿತ್ತಲ್ವಾ?” ಎಂದು ಇವಳು ಕೇಳಿದಳು. “ಇಲ್ಲಮ್ಮ, ಹೊಸದಾಗಿ ಹೊಡೆಸಿಯೇ ಕೊಟ್ಟಿದ್ದು” ಎಂದರು ಅವರು. ಇಬ್ಬರೂ ತಾವು ನಂಬಿದ್ದನ್ನೇ ಹೇಳುತ್ತಿದ್ದರು. ಇಬ್ಬರ ಬಳಿಯೂ ಒಂದು ಫೋಟೊ ಕೂಡ ಇರಲಿಲ್ಲ. ಯಾರ ಮಾತು ಗೆದ್ದಿತು ಎಂದು ಹೇಳಬೇಕಿಲ್ಲ, ಹಣ ಅವರ ಕೈಯಲ್ಲಿತ್ತು.

ಓನರ್‌ಗಳ ಕಷ್ಟವೂ ನಿಜವೇ. ಎರಡು ತಿಂಗಳ ಬಾಡಿಗೆ, ಬೆಸ್ಕಾಂ ಬಿಲ್ಲು ಎಲ್ಲ ಬಾಕಿ ಬಿಟ್ಟು ರಾತ್ರೋರಾತ್ರಿ ಹೋದವರ ಕಥೆ ಪ್ರತಿ ಬೀದಿಯಲ್ಲೂ ಇದೆ. ಪಿಂಚಣಿ ಇಲ್ಲದ ದಂಪತಿ ಮೇಲೊಂದು ಮನೆ ಕಟ್ಟಿ ಅದರ ಬಾಡಿಗೆಯಲ್ಲಿ ಔಷಧಿ ತರುತ್ತಿರುವಾಗ, ಒಡೆದ ಕಮೋಡ್, ಕಿತ್ತುಹೋದ ವಾರ್ಡ್‌ರೋಬ್ ಬಾಗಿಲು ಅವರಿಗೆ ದೊಡ್ಡ ಹೊಡೆತ. ಮನೆ ಖಾಲಿ ಮಾಡಿಸಲು ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಂಬ ಭಯವೇ ಹತ್ತು ತಿಂಗಳ ಅಡ್ವಾನ್ಸ್ ಕೇಳಲು ಮುಖ್ಯ ಕಾರಣ. ಭದ್ರತೆಗೊಂದು ಠೇವಣಿ ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಜಗಳವಾದಾಗ ಲೆಕ್ಕ ಹಾಕುವವರು, ತೀರ್ಪು ಕೊಡುವವರು, ಹಣ ಹಿಡಿದುಕೊಳ್ಳುವವರು ಮೂವರೂ ಒಬ್ಬರೇ ಆಗಿರುವುದು ಸರಿಯಲ್ಲ.

ಸುಣ್ಣಬಣ್ಣದ ವಿಷಯಕ್ಕೆ ಬರೋಣ. ಹೆಚ್ಚು ಮನಸ್ತಾಪ ಆಗುವುದು ಅದರಲ್ಲೇ. ಬಾಡಿಗೆದಾರನ ಕರ್ತವ್ಯಗಳನ್ನು ಹೇಳುವ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್, ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು ಎನ್ನುತ್ತದೆ. ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಐದು ವರ್ಷ ಜನ ಬಾಳಿದ ಮನೆಯ ಗೋಡೆ ಮಾಸುವುದು ಸವೆತ, ಗೋಡೆಯ ತುಂಬ ಸ್ಕೆಚ್‌ಪೆನ್ನಿನಲ್ಲಿ ಗೀಚಿದ್ದರೆ ಹಾನಿ. ನಲ್ಲಿಯ ವಾಷರ್ ತಿಂದುಹೋಗುವುದು ಸವೆತ, ವಾಶ್‌ಬೇಸಿನ್ ಬಿರುಕು ಬಿಟ್ಟಿದ್ದರೆ ಹಾನಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಬಿಡಿಸಿ ಹೇಳಿದೆ: ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರ್ ಪಾಲಿನ ಕೆಲಸ. ನಲ್ಲಿಯ ವಾಷರ್, ಸ್ವಿಚ್ಚು, ಸಾಕೆಟ್ಟು, ಗೀಸರ್ ರಿಪೇರಿ, ಕಿಟಕಿ ಗಾಜು, ಬಾಗಿಲ ಬೀಗ ಇವೆಲ್ಲ ಬಾಡಿಗೆದಾರನ ಪಾಲು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು, ಮನೆಯನ್ನು ವಾಪಸ್ ಪಡೆದ ದಿನವೇ ಬಾಕಿ ಕಳೆದು ಉಳಿದದ್ದನ್ನು ಕೊಡಬೇಕು ಎಂದೂ ಅದರಲ್ಲಿದೆ.

ಇದನ್ನು ಓದಿ ಓನರ್ ಮನೆಗೆ ಓಡುವ ಮೊದಲು ಒಂದು ಮಾತು. ಅದು ಹೆಸರಿಗೆ ತಕ್ಕಂತೆ ಬರೀ ಮಾದರಿ. ರಾಜ್ಯ ಸರ್ಕಾರ ಅದರ ಪ್ರಕಾರ ತನ್ನದೇ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬಲ. ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದು ಆ ಬಾಡಿಗೆಗೆ ಬೆಂಗಳೂರಿನಲ್ಲಿ ಒಂದು ರೂಮ್ ಸಿಗುವುದೂ ಕಷ್ಟ. ಅಂದರೆ ನಗರದ ಬಹುಪಾಲು ಬಾಡಿಗೆದಾರರಿಗೆ ಇರುವ ಆಸರೆ ತಾವು ಸಹಿ ಹಾಕಿದ ಹನ್ನೊಂದು ತಿಂಗಳ ಅಗ್ರಿಮೆಂಟು, ಅದರ ಹಿಂದೆ ಬ್ರಿಟಿಷರ ಕಾಲದ ಆ ಆಸ್ತಿ ವರ್ಗಾವಣೆ ಕಾಯ್ದೆ. ಅಗ್ರಿಮೆಂಟಿನಲ್ಲಿ “ಪೇಂಟಿಂಗ್ ವೆಚ್ಚಕ್ಕೆ ಒಂದು ತಿಂಗಳ ಬಾಡಿಗೆ ಕಡಿತ” ಎಂದು ಬರೆದು ನೀವು ಸಹಿ ಮಾಡಿದ್ದರೆ ಕೊನೆಯ ದಿನ ವಾದಿಸಿ ಗೆಲ್ಲುವುದು ಕಷ್ಟ. ವಾದ ಮಾಡಬೇಕಾದದ್ದು ಮನೆ ಹಿಡಿಯುವ ದಿನ.

ಬೇರೆ ಕಡೆ ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ ಎಂದು ನೋಡಿದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ್ದು ನನಗೆ ತುಂಬ ಹಿಡಿಸಿದ ದಾರಿ. ಸಿಡ್ನಿ ಇರುವ ರಾಜ್ಯ ಅದು. ಅಲ್ಲಿ ಅಡ್ವಾನ್ಸನ್ನು ಬಾಂಡ್ ಎನ್ನುತ್ತಾರೆ. ನಾಲ್ಕು ವಾರದ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಮುಖ್ಯವಾದದ್ದು ಅದಲ್ಲ. ಆ ಹಣ ಓನರ್ ಬಳಿ ಇರುವುದೇ ಇಲ್ಲ. 1977ರಲ್ಲೇ ಅಲ್ಲಿ ಇದಕ್ಕೊಂದು ಮಂಡಳಿ ಮಾಡಿದರು. ಬಾಡಿಗೆದಾರ ಕೊಟ್ಟ ಬಾಂಡ್ ಸರ್ಕಾರದ ವಶದಲ್ಲಿರುತ್ತದೆ. ಈಗ ಬಾಡಿಗೆದಾರರು ಆನ್‌ಲೈನಿನಲ್ಲೇ ನೇರವಾಗಿ ಕಟ್ಟಬಹುದು, ಓನರ್ ಕೈಗೆ ಹಣ ತಾಗುವುದೂ ಇಲ್ಲ. ಓನರ್ ತಾನೇ ಪಡೆದುಕೊಂಡರೆ 10 ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ಜಮಾ ಮಾಡಬೇಕು, ಮಾಡದಿದ್ದರೆ ಅಪರಾಧ.

ಮನೆ ಬಿಡುವಾಗಿನ ಕ್ರಮ ಇನ್ನೂ ಗಮನಿಸುವಂಥದ್ದು. ಬಾಡಿಗೆದಾರ ಓನರ್‌ನನ್ನು ಬೇಡಿಕೊಳ್ಳಬೇಕಿಲ್ಲ. ನನ್ನ ಬಾಂಡ್ ಪೂರ್ತಿ ನನಗೆ ಕೊಡಿ ಎಂದು ತಾನೇ ಅರ್ಜಿ ಹಾಕಬಹುದು. ಇಬ್ಬರೂ ಒಪ್ಪಿದ್ದರೆ ಕೆಲವೇ ದಿನದಲ್ಲಿ ಹಣ ಖಾತೆಗೆ ಬರುತ್ತದೆ. ಒಬ್ಬರೇ ಅರ್ಜಿ ಹಾಕಿದ್ದರೆ ಇನ್ನೊಬ್ಬರಿಗೆ ನೋಟಿಸ್ ಹೋಗುತ್ತದೆ. ಅವರು 14 ದಿನದೊಳಗೆ ನ್ಯಾಯಮಂಡಳಿಗೆ ಹೋಗಿ ತಕರಾರು ಹೂಡದಿದ್ದರೆ ಕೇಳಿದವರಿಗೆ ಹಣ ಬಿಡುಗಡೆ. ಓನರ್ ಹಣ ಹಿಡಿಯಲು ಬಯಸಿದರೆ ಮನೆಯ ಸ್ಥಿತಿಯ ವರದಿ, ರಿಪೇರಿಯ ಬಿಲ್ಲು ಇಲ್ಲವೇ ಕೊಟೇಶನ್ ಬಾಡಿಗೆದಾರನಿಗೆ ಕೊಡಬೇಕು. ನಮ್ಮಲ್ಲಿ ಸುಮ್ಮನಿದ್ದರೆ ಗೆಲ್ಲುವವರು ಓನರ್. ಅಲ್ಲಿ ಓನರ್ ಸುಮ್ಮನಿದ್ದರೆ ಹಣ ಬಾಡಿಗೆದಾರನದ್ದು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ. ಇಂಗ್ಲೆಂಡಿನಲ್ಲಿ 2007ರಿಂದ, ಓನರ್ ಪಡೆದ ಠೇವಣಿಯನ್ನು ಸರ್ಕಾರ ಒಪ್ಪಿದ ಯಾವುದಾದರೂ ಒಂದು ಯೋಜನೆಯಲ್ಲಿ ಭದ್ರಪಡಿಸಲೇಬೇಕು.

ಆ ನಾಲ್ಕು ವಾರದ ಹಣಕ್ಕೆ ಸಿಗುವ ಬಡ್ಡಿಯನ್ನೂ ನ್ಯೂ ಸೌತ್ ವೇಲ್ಸ್ ಸರ್ಕಾರ ವ್ಯರ್ಥ ಮಾಡಿಲ್ಲ. ಲಕ್ಷಾಂತರ ಮನೆಗಳ ಬಾಂಡ್ ಒಂದೆಡೆ ಸೇರಿದಾಗ ಹುಟ್ಟುವ ಬಡ್ಡಿಯಲ್ಲಿ ಒಂದು ಭಾಗ ಬಾಡಿಗೆದಾರರಿಗೆ ಉಚಿತ ಸಲಹೆ ಕೊಡುವ ಕೇಂದ್ರಗಳಿಗೆ, ಜಗಳ ತೀರಿಸುವ ನ್ಯಾಯಮಂಡಳಿಗೆ ಹೋಗುತ್ತದೆ. ಬಾಡಿಗೆದಾರರ ಹಣವೇ ಬಾಡಿಗೆದಾರರಿಗೆ ವಕೀಲನನ್ನು ಹುಡುಕಿಕೊಡುತ್ತದೆ.

ಅಲ್ಲೂ ಜಗಳಗಳಿವೆ. ಕಾರ್ಪೆಟ್ಟಿನ ಕಲೆ, ಓವನ್ನಿನ ಜಿಡ್ಡು, ಹಿತ್ತಲಿನ ಕಳೆ ಎಂದು ಏಜೆಂಟರು ಸತಾಯಿಸುತ್ತಾರೆ. ನಾಯಿ ಬೆಕ್ಕು ಸಾಕಿಲ್ಲದವರ ಮೇಲೆ ವೃತ್ತಿಪರರಿಂದಲೇ ಕಾರ್ಪೆಟ್ ತೊಳೆಸಬೇಕು ಎಂಬ ಷರತ್ತು ಹಾಕುವಂತಿಲ್ಲ ಎಂದು ಕಾನೂನಿದ್ದರೂ ಹೊಸದಾಗಿ ಬಂದವರಿಗೆ ಅದು ಗೊತ್ತಿರುವುದಿಲ್ಲ. ನಮ್ಮ ಮಕ್ಕಳು ಓದಲು, ಕೆಲಸಕ್ಕೆಂದು ಸಿಡ್ನಿಯ ಪ್ಯಾರಮಟ್ಟ, ವೆಸ್ಟ್‌ಮೀಡ್ ಕಡೆ ಹೋಗಿ ಒಂದು ಮನೆಯಲ್ಲಿ ನಾಲ್ಕೈದು ಜನ ಸೇರಿ ಇರುತ್ತಾರೆ. ಅವರಿಗೆ ಎರಡು ಮಾತು ಹೇಳಿ ಕಳಿಸಬೇಕು. ಬಾಂಡನ್ನು ರೂಮ್‌ಮೇಟ್ ಕೈಗೆ ನಗದಾಗಿ ಕೊಡಬೇಡಿ, ನಿಮ್ಮ ಹೆಸರಿನಲ್ಲಿ ಜಮಾ ಆದ ರಸೀದಿ ಕೇಳಿ. ಬರಹದ ಒಪ್ಪಂದವಿಲ್ಲದೆ ಒಳಬಾಡಿಗೆಗೆ ಇದ್ದರೆ ಕಾಯ್ದೆಯ ರಕ್ಷಣೆಯೇ ಸಿಗದೆ ಹೋಗಬಹುದು. ಇನ್ನು ಮನೆಗೆ ಸೇರಿದಾಗ ಏಜೆಂಟರು ಕೊಡುವ ಮನೆ ಸ್ಥಿತಿಯ ವರದಿಯನ್ನು 7 ದಿನದೊಳಗೆ ಪ್ರತಿ ಕೋಣೆ ನೋಡಿ ತುಂಬಿ ವಾಪಸ್ ಕೊಡಬೇಕು. ಗೀರು ಬಿದ್ದ ನೆಲಕ್ಕೂ “ಸರಿಯಿದೆ” ಎಂದು ಟಿಕ್ ಹಾಕಿ ಕೊಟ್ಟರೆ ವರ್ಷದ ನಂತರ ಆ ಗೀರು ನಿಮ್ಮದೇ ಆಗುತ್ತದೆ.

ಆ ವರದಿಯ ಪದ್ಧತಿಯನ್ನು ಇಲ್ಲಿ ನಾವೇ ಶುರು ಮಾಡಿಕೊಳ್ಳಬಹುದು, ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ: ಗೋಡೆ, ಸೀಲಿಂಗಿನ ನೀರು ಸೋರಿದ ಕಲೆ, ಸಿಂಕಿನ ಕೆಳಗೆ, ಗೀಸರ್, ಫ್ಯಾನು, ಕಿಟಕಿ ಗಾಜು, ಬೆಸ್ಕಾಂ ಮೀಟರಿನ ರೀಡಿಂಗ್. ಅವತ್ತೇ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ, “ಅಂಕಲ್, ಮನೆ ಈ ಸ್ಥಿತಿಯಲ್ಲಿ ತಗೊಂಡಿದ್ದೀವಿ” ಎಂದು ಒಂದು ಸಾಲು ಬರೆಯಿರಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ ಬೇಡ. ಒಳ್ಳೆಯ ಓನರ್‌ಗೂ ಅದು ದಾಖಲೆಯೇ, ಸುಳ್ಳು ಹೇಳುವ ಬಾಡಿಗೆದಾರನಿಂದ ಅವರನ್ನೂ ಕಾಪಾಡುತ್ತದೆ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹೋಗಲಿ. ಅಗ್ರಿಮೆಂಟಿನಲ್ಲಿ ಮೊತ್ತದ ಪಕ್ಕದಲ್ಲೇ “ಕೀ ಒಪ್ಪಿಸಿದ ದಿನವೇ ಹಿಂದಿರುಗಿಸತಕ್ಕದ್ದು” ಎಂದು ಬರೆಸಿ. ಪೇಂಟಿಂಗ್ ಕಡಿತ ಅನಿವಾರ್ಯ ಎನ್ನುವುದಾದರೆ ನಿಜವಾದ ಬಿಲ್ಲಿನ ಮೇಲೆ, ಒಂದು ತಿಂಗಳ ಬಾಡಿಗೆ ಮೀರದಂತೆ ಎಂದು ಬರೆಸಲು ಒತ್ತಾಯಿಸಿ. ಪ್ರತಿ ಹನ್ನೊಂದು ತಿಂಗಳಿಗೆ ಹೊಸ ಅಗ್ರಿಮೆಂಟ್ ಮಾಡುವಾಗ ಅಡ್ವಾನ್ಸ್ ಮೊತ್ತ ಅದರಲ್ಲೂ ಬಂದಿದೆಯಾ ಎಂದು ನೋಡಿ. ಮಧ್ಯೆ ಮನೆ ಮಾರಾಟವಾದರೆ ಅಡ್ವಾನ್ಸಿಗೆ ಇನ್ನು ಯಾರು ಹೊಣೆ ಎಂದು ಹಳಬರು, ಹೊಸಬರು ಇಬ್ಬರಿಂದಲೂ ಬರೆಸಿಕೊಳ್ಳಿ.

ಬಿಡುವ ಕಾಲ ಬಂದಾಗ ನೋಟಿಸನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬರಹದಲ್ಲಿ ಕೊಡಿ. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದು ಬಹಳ ಜನ ಬಾಡಿಗೆ ನಿಲ್ಲಿಸಿಬಿಡುತ್ತಾರೆ. ಓನರ್ ಬರಹದಲ್ಲಿ ಒಪ್ಪಿದ್ದರೆ ಅದು ಇಬ್ಬರಿಗೂ ಅನುಕೂಲ, ಅವರು ಒಮ್ಮೆಲೇ ಹೊಂದಿಸಬೇಕಾದ ಹಣ ಕಡಿಮೆಯಾಗುತ್ತದೆ. ಒಪ್ಪದೆ ನಿಲ್ಲಿಸಿದರೆ ಬಾಡಿಗೆ ಬಾಕಿ ಇಟ್ಟವರು ನೀವೇ ಎಂದಾಗುತ್ತದೆ. ವಿದ್ಯುತ್, ನೀರು, ಅಪಾರ್ಟ್‌ಮೆಂಟಾದರೆ ಮೇಂಟೆನೆನ್ಸ್ ಎಲ್ಲ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಆ ಮನೆಯ ಮೀಟರಿಗೆ ಜೋಡಣೆಯಾಗಿದ್ದರೆ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಂದರೆ. ಮನೆ ನೋಡಲು ಓನರ್‌ರನ್ನು ಕೊನೆಯ ದಿನಕ್ಕಲ್ಲ, ಒಂದು ವಾರ ಮುಂಚೆ ಕರೆಯಿರಿ. ತೊಟ್ಟಿಕ್ಕುವ ನಲ್ಲಿ, ಸಡಿಲ ಸ್ವಿಚ್ಚು ಹೇಳಿದರೆ ನಿಮ್ಮ ಪ್ಲಂಬರ್, ಎಲೆಕ್ಟ್ರಿಷಿಯನ್ ಕೈಲಿ ನೀವೇ ಸರಿಮಾಡಿಸಬಹುದು. ಕೊನೆಯ ದಿನ ಖಾಲಿ ಮನೆಯ ವಿಡಿಯೊ ಇನ್ನೊಮ್ಮೆ. ಕೀ ಎಷ್ಟು ಕೊಟ್ಟೆವು ಎಂಬುದೂ ಒಂದು ಸಾಲಿನಲ್ಲಿ ಬರಹಕ್ಕೆ ಬರಲಿ.

ಇಷ್ಟು ಮಾಡಿಯೂ ಹಣ ಬರದಿದ್ದರೆ? ಮೊದಲು ಎಲ್ಲರೂ ಪೊಲೀಸ್ ಠಾಣೆಗೆ ಓಡುತ್ತಾರೆ, ಇದು ಸಿವಿಲ್ ವಿಷಯ ಎಂದು ಅವರು ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಮೊತ್ತ, ತಾರೀಖು, ಗಡುವು ನಮೂದಿಸಿ ವಕೀಲರ ಮೂಲಕ ಒಂದು ಲೀಗಲ್ ನೋಟಿಸ್ ಕಳಿಸುವುದು ಸರಿಯಾದ ಮೊದಲ ಹೆಜ್ಜೆ. ಎಷ್ಟೋ ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಕೇಸು ಹಾಕುವ ಮುನ್ನವೇ ರಾಜಿ ಮಾಡಿಸಿ ಎಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಲೋಕ ಅದಾಲತ್‌ನಲ್ಲಿ ಆದ ಒಪ್ಪಂದ ಕೋರ್ಟಿನ ಡಿಕ್ರಿಗೆ ಸಮ. ಓನರ್ ಚೆಕ್ ಕೊಟ್ಟು ಅದು ಬೌನ್ಸ್ ಆಗಿದ್ದರೆ ಬ್ಯಾಂಕ್ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು, ಆಮೇಲೂ ಹಣ ಕೊಡದಿದ್ದರೆ ಅದು ಕ್ರಿಮಿನಲ್ ಪ್ರಕರಣವಾಗುತ್ತದೆ. ಹಣ ವಸೂಲಿಗೆ ಸಿವಿಲ್ ದಾವೆ ಹೂಡಲು ಕಾಲಮಿತಿ ಮೂರು ವರ್ಷ. “ಮುಂದಿನ ತಿಂಗಳು ನೋಡೋಣ” ಎಂಬ ಮಾತಿಗೆ ಕಾಯುತ್ತ ಆ ಮೂರು ವರ್ಷ ಕಳೆದುಕೊಂಡವರೂ ಇದ್ದಾರೆ.

ಹೀಗೆ ಪ್ರತಿಯೊಬ್ಬರೂ ಒಂಟಿಯಾಗಿ ಹೋರಾಡಬೇಕಾದ ಸ್ಥಿತಿ ಬದಲಾಗಲೇಬೇಕು. ಜಮೀನು, ಮನೆಗಳ ನೋಂದಣಿಯನ್ನು ಕಾವೇರಿ ತಂತ್ರಾಂಶದಲ್ಲಿ ನಡೆಸುವ ಸರ್ಕಾರಕ್ಕೆ ಬಾಡಿಗೆ ಠೇವಣಿಯ ಒಂದು ಖಾತೆ ತೆರೆಯುವುದು ಆಗದ ಕೆಲಸವಲ್ಲ. ಠೇವಣಿಗೆ ಎರಡು ತಿಂಗಳ ಮಿತಿ ಹಾಕಿ, ಹಣವನ್ನು ಮೂರನೆಯವರ ವಶದಲ್ಲಿಟ್ಟು, ತಕರಾರಿಗೆ 14 ದಿನದ ಗಡುವು ಕೊಡಲಿ. ಜೊತೆಗೆ ಬಾಡಿಗೆ ಕೊಡದವರನ್ನು ಬೇಗ ತೆರವು ಮಾಡಿಸುವ ವ್ಯವಸ್ಥೆಯನ್ನೂ ಓನರ್‌ಗಳಿಗೆ ಕೊಡಲಿ, ಅದಿಲ್ಲದೆ ಅವರು ಹತ್ತು ತಿಂಗಳ ರೂಢಿಯನ್ನು ಬಿಡುವುದಿಲ್ಲ.

ಅಂಥ ಕಾನೂನು ಬರುವವರೆಗೆ ಮನೆ ಓನರ್‌ಗಳಲ್ಲಿ ಒಂದು ವಿನಂತಿ. ಬಾಡಿಗೆದಾರರು ಕೊಟ್ಟ ಅಡ್ವಾನ್ಸನ್ನು ಖರ್ಚಿನ ಹಣದೊಂದಿಗೆ ಬೆರೆಸಬೇಡಿ. ಬೇರೆ ಖಾತೆಯಲ್ಲಿ ಎಫ್‌ಡಿ ಮಾಡಿ ಇಡಿ, ಬಡ್ಡಿ ನೀವೇ ತೆಗೆದುಕೊಳ್ಳಿ. ಅಸಲನ್ನು ಮಾತ್ರ ಕೀ ಕೈಗೆ ಬಂದ ದಿನವೇ ಕೊಟ್ಟುಬಿಡಿ.